ಸ್ಟೇಟಸ್‌ಗೆ ಹಾಕಿದ 30 ಸೆಕೆಂಡಿನ ವಿಡಿಯೋಗೆ ಮೆಮೊ ಬಂದಿದೆ, ಏನಂತ ಉತ್ತರ ಬರೆಯಲಿ?

ವೇಬಿಲ್, ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ನಾನು ಬಸ್ ಕಂಡಕ್ಟರ್. ಯಾವ ಸಂಸ್ಥೆ, ಯಾವ ಡಿಪೋ ಅಂತ ದಯವಿಟ್ಟು ಕೇಳಬೇಡಿ. ಹೋದ ವಾರ ದಾವಣಗೆರೆಯಿಂದ ದುರ್ಗಕ್ಕೆ ಹೋಗುತ್ತಿದ್ದೆವು. ಭರಮಸಾಗರ ದಾಟುತ್ತಿದ್ದಂತೆ ಮಳೆ ಹಿಡಿಯಿತು. ನಮ್ಮ ಗಾಡಿಯ ಟಾಪ್ ಸೋರುತ್ತದೆ. ಹಿಂದಿನ ಸೀಟಿನವರೆಲ್ಲ ಎದ್ದು ನಿಂತರು, ಒಬ್ಬ ಅಜ್ಜಿ ಮಾತ್ರ ಏಳಲಿಲ್ಲ, ಕೂತಲ್ಲೇ ಛತ್ರಿ ಬಿಚ್ಚಿದರು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕು ಫೋನ್ ತೆಗೆದು 30 ಸೆಕೆಂಡ್ ವಿಡಿಯೋ ಮಾಡಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬಾಯಿ ಸುಮ್ನೆ ಇರಬೇಕಲ್ಲ, "ನಮ್ಮ ಬಸ್ಸಲ್ಲಿ ಟಿಕೆಟ್‌ಗೆ ಮಾತ್ರ ದುಡ್ಡು, ಸ್ನಾನ ಫ್ರೀ" ಅಂದೆ. ಅದೂ ರೆಕಾರ್ಡ್ ಆಗಿದೆ.

ಸ್ಟೇಟಸ್‌ಗೆ ಹಾಕಿದೆ. ರಾತ್ರಿ ಭಯವಾಗಿ ತೆಗೆದೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅದನ್ನು ಇಳಿಸಿಕೊಂಡು ಊರಿನ ಒಂದು ಸುದ್ದಿ ಪೇಜ್‌ಗೆ ಕಳಿಸಿದ್ದಾರೆ. ನನ್ನ ಮುಖ ಇಲ್ಲ, ಆದರೆ ದನಿ ಇದೆ, ಬಸ್ ನಂಬರ್ ಇದೆ. ಮೆಮೊದಲ್ಲಿ ಎರಡು ಮಾತು. ಕರ್ತವ್ಯದ ವೇಳೆ ಮೊಬೈಲ್ ಬಳಸಿದ್ದು, ಸಂಸ್ಥೆಯ ಘನತೆಗೆ ಧಕ್ಕೆ ತಂದದ್ದು. 7 ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕಂತೆ. ಇವತ್ತಿಗೆ ಮೂರು ದಿನ ಆಯಿತು. ಡಿಪೋದಲ್ಲಿ ಒಬ್ಬರು "ನನ್ನ ವಿಡಿಯೋನೇ ಅಲ್ಲ ಅಂತ ಬರಿ" ಅನ್ನುತ್ತಾರೆ. ಇನ್ನೊಬ್ಬರು "ಸಾಹೇಬರ ಕಾಲು ಹಿಡಿ, ಮುಗೀತದೆ" ಅನ್ನುತ್ತಾರೆ. ಟಾಪ್ ಸೋರುವುದನ್ನು ನಮ್ಮ ಡ್ರೈವರ್ ಅಣ್ಣ ಲಾಗ್ ಶೀಟ್‌ನಲ್ಲಿ ಮೂರು ಸಲ ಬರೆದಿದ್ದಾರೆ, ಅದನ್ನೂ ಹೇಳಿಬಿಡುತ್ತೇನೆ. ಗೊತ್ತಿರುವವರು ದಾರಿ ಹೇಳಿ.

ಮಂಡಕ್ಕಿ ಮಿರ್ಚಿ, ದಾವಣಗೆರೆ:
ಸ್ನಾನ ಫ್ರೀ ಅಂದದ್ದಕ್ಕೆ ನಿಮಗೆ ಒಂದು ಬೆಣ್ಣೆದೋಸೆ ನನ್ನ ಲೆಕ್ಕದಲ್ಲಿ. ಅಲ್ಲಣ್ಣ, ಟಾಪ್ ಸೋರಿದ್ದು ಸುಳ್ಳಾ? ಸುಳ್ಳಲ್ಲ ಅಂದ ಮೇಲೆ ಯಾವ ಘನತೆ, ಯಾವ ಧಕ್ಕೆ? ಗಟ್ಟಿಯಾಗಿ ನಿಲ್ಲಿ. ಹೊರದೇಶದಲ್ಲಿ ನೌಕರರು ಫೇಸ್‌ಬುಕ್‌ನಲ್ಲಿ ಏನು ಬೇಕಾದರೂ ಬರೆಯುತ್ತಾರೆ, ಯಾರೂ ಕೇಳುವುದಿಲ್ಲ.

ಹಳೇ ಫೈಲು, ಚಿತ್ರದುರ್ಗ:
ಮಿರ್ಚಿಯವರೇ, ಹೊರದೇಶದ ಕಥೆ ಹಾಗಿಲ್ಲ. 2008ರಲ್ಲಿ ಇಂಗ್ಲೆಂಡಿನ ವರ್ಜಿನ್ ಅಟ್ಲಾಂಟಿಕ್ ವಿಮಾನ ಕಂಪನಿ 13 ಮಂದಿ ಸಿಬ್ಬಂದಿಯನ್ನು ಒಂದೇ ಸಲ ಮನೆಗೆ ಕಳಿಸಿತು. ಫೇಸ್‌ಬುಕ್‌ನಲ್ಲಿ ಪ್ರಯಾಣಿಕರನ್ನು ಹೀಯಾಳಿಸಿ ಬರೆದಿದ್ದರು, ವಿಮಾನದ ಸುರಕ್ಷತೆ ಬಗ್ಗೆಯೂ ಏನೇನೋ ಬರೆದಿದ್ದರು ಅಂತ.

ಈಗ ವೇಬಿಲ್ ಅವರಿಗೆ. ನಾನು ಶಿಸ್ತು ಶಾಖೆಯಲ್ಲಿ ಫೈಲು ಹೊತ್ತು ನಿವೃತ್ತಿಯಾದವನು. ಮೊದಲನೇ ಮಾತು, "ನನ್ನ ವಿಡಿಯೋ ಅಲ್ಲ" ಅಂತ ಮಾತ್ರ ಬರೆಯಬೇಡಿ. ಬರೆದರೆ ಈಗಿರುವ ಎರಡು ಆರೋಪದ ಜೊತೆ ಸುಳ್ಳು ಹೇಳಿಕೆ ಅನ್ನುವ ಮೂರನೆಯದು ಸೇರುತ್ತದೆ. ಮೊದಲಿನ ಎರಡರಿಂದ ಬಚಾವಾಗಿ ಮೂರನೆಯದಕ್ಕೆ ಇಂಕ್ರಿಮೆಂಟ್ ಕಳೆದುಕೊಂಡವರನ್ನು ಕಣ್ಣಾರೆ ನೋಡಿದ್ದೇನೆ.

ಎರಡನೇ ಮಾತು, ನಿಮಗೆ ಬಂದಿರುವುದು ಸಮಜಾಯಿಷಿ ಕೇಳುವ ಮೆಮೊ. ಆರೋಪಣಾ ಪತ್ರ ಅಲ್ಲ. ಇದನ್ನು ಬಹಳ ಜನ ಒಂದೇ ಅಂತ ತಿಳಿದು ಗಾಬರಿಯಾಗುತ್ತಾರೆ. ಆರೋಪಣಾ ಪತ್ರ ಬಂದರೆ ವಿಚಾರಣೆ, ಸಾಕ್ಷಿ, ಸಹಾಯಕರನ್ನು ಕರೆದುಕೊಳ್ಳುವುದು, ಹೀಗೆ ದಾರಿ ಉದ್ದ ಇರುತ್ತದೆ. ಈಗ ಒಳ್ಳೆಯ ಉತ್ತರ ಕೊಟ್ಟರೆ ಇಲ್ಲೇ ಮುಗಿಯಲೂಬಹುದು.

ಚಳ್ಳಕೆರೆ ಗೇಟ್:
ಯಾವ ರೂಲ್‌ನಲ್ಲಿ ಸ್ಟೇಟಸ್ ಹಾಕಬಾರದು ಅಂತ ಇದೆ, ತೋರಿಸಿ ನೋಡೋಣ.

ಹಳೇ ಫೈಲು:
ಸ್ಟೇಟಸ್ ಅನ್ನುವ ಶಬ್ದ ಇರುವುದಿಲ್ಲ ತಮ್ಮ. ಆ ನಿಯಮ ಬರೆದಾಗ ನಿಮ್ಮ ಅಪ್ಪನಿಗೂ ಫೋನ್ ಇರಲಿಲ್ಲ. ರಾಜ್ಯ ರಸ್ತೆ ಸಾರಿಗೆ ನಿಗಮದ ನಡತೆ ಮತ್ತು ಶಿಸ್ತು ನಿಬಂಧನೆಗಳು 1971ರವು. ರೈಲ್ವೆ ಸೇವಾ ನಡತೆ ನಿಯಮಗಳು 1966ರವು. ರಾಜ್ಯ ಸರ್ಕಾರಿ ನೌಕರರಿಗೆ ಮಾತ್ರ 2021ರಲ್ಲಿ ಹೊಸ ನಡತೆ ನಿಯಮ ಬಂದಿದೆ. ರೈಲ್ವೆಯ ಪುಸ್ತಕದಲ್ಲಿ ಪತ್ರಿಕೆ, ರೇಡಿಯೋ ಅಂತ ಬರೆದಿದೆ. ಇವತ್ತು ರೇಡಿಯೋ ಇದ್ದ ಜಾಗದಲ್ಲಿ ನಿಮ್ಮ ಫೋನ್ ಕೂತಿದೆ, ಅಷ್ಟೇ. ಸರ್ಕಾರದ ನೀತಿಯನ್ನು ಸಾರ್ವಜನಿಕವಾಗಿ ಟೀಕಿಸುವುದು, ಕಚೇರಿಯ ಮಾಹಿತಿಯನ್ನು ಅನುಮತಿ ಇಲ್ಲದೆ ಹೊರಗೆ ಕೊಡುವುದು, ನೌಕರನಿಗೆ ತಕ್ಕದ್ದಲ್ಲದ ನಡತೆ, ಈ ಮೂರು ಕೊಕ್ಕೆ ಸಾಕು, ಯಾವ ಪೋಸ್ಟನ್ನಾದರೂ ಒಂದಕ್ಕೆ ಸಿಕ್ಕಿಸಬಹುದು. ಅದು ಸರಿ ಅಂತ ನಾನು ಹೇಳುತ್ತಿಲ್ಲ. ಹೀಗೆ ನಡೆಯುತ್ತದೆ ಅಂತ ಹೇಳುತ್ತಿದ್ದೇನೆ.

ಕೀಮ್ಯಾನ್:
ಫೈಲು ಸರ್ ಹೇಳಿದ್ದು ಸರಿ. ರೈಲ್ವೆಯಲ್ಲಿ 1968ರ ಶಿಸ್ತು ಮತ್ತು ಮೇಲ್ಮನವಿ ನಿಯಮ ಇದೆ. ಎಸ್ಎಫ್-11 ಅನ್ನುವ ನಮೂನೆಯಲ್ಲಿ ಮೆಮೊ ಬಂದರೆ ಸಣ್ಣ ದಂಡನೆಗೆ, ಎಸ್ಎಫ್-5 ನಮೂನೆಯಲ್ಲಿ ಬಂದರೆ ದೊಡ್ಡದಕ್ಕೆ. ಹನ್ನೊಂದಕ್ಕಿಂತ ಐದು ದೊಡ್ಡದು, ಹೊಸದಾಗಿ ಸೇರಿದ ಹುಡುಗರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಎಸ್ಎಫ್-11 ಬಂದರೂ ಕಾಗದದಲ್ಲಿ ಸರಿಯಾಗಿ ಉತ್ತರ ಬರೆದು ಕೊಡಬೇಕು. ಗ್ರೂಪ್‌ನಲ್ಲಿ ಕೈ ಮುಗಿಯುವ ಚಿತ್ರ ಹಾಕಿದರೆ ಅದು ಉತ್ತರ ಆಗುವುದಿಲ್ಲ.

ಲಗೇಜ್ ಗುಮಾಸ್ತ:
ನನಗೆ ಉರಿಯುವುದು ಇನ್ನೊಂದು ವಿಷಯಕ್ಕೆ. ನಾನಿರುವ ಖಾಸಗಿ ಟ್ರಾನ್ಸ್‌ಪೋರ್ಟ್‌ನಲ್ಲಿ ನಾಳೆ ಯಾರಿಗೆ ಯಾವ ಗಾಡಿ ಅಂತ ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲೇ ಬರುತ್ತದೆ. ಲೋಡ್ ಆದ ಫೋಟೋ ಹಾಕು, ಟಯರ್ ಫೋಟೋ ಹಾಕು, ಎಲ್ಲಿದ್ದೀಯ ಲೊಕೇಶನ್ ಹಾಕು. ಹಾಕದಿದ್ದರೆ ಬೈಗುಳ. ಅದೇ ಫೋನಿನಲ್ಲಿ ನಾವು ಒಂದು ಫೋಟೋ ಹೊರಗೆ ಹಾಕಿದರೆ ಶಿಸ್ತು ನೆನಪಾಗುತ್ತದೆ. ಅವರಿಗೆ ಬೇಕಾದಾಗ ಫೋನು ಆಫೀಸು, ಬೇಡವಾದಾಗ ಅಪರಾಧ. ರೀಚಾರ್ಜ್ ಮಾತ್ರ ಯಾವಾಗಲೂ ನಮ್ಮದೇ.

ದಿನಾ ಹೋಗಿಬರೋಳು, ದಾವಣಗೆರೆಯಿಂದ ದುರ್ಗಕ್ಕೆ:
ಎಲ್ಲರೂ ನೌಕರ, ಸಂಸ್ಥೆ ಅಂತಲೇ ಮಾತಾಡುತ್ತಿದ್ದೀರಿ. ಆ ಅಜ್ಜಿಯನ್ನು ಯಾರಾದರೂ ಕೇಳಿದಿರಾ? ವೇಬಿಲ್ ಅವರೇ, ಬೇಜಾರು ಮಾಡಿಕೊಳ್ಳಬೇಡಿ. ಟಿಕೆಟ್ ತಗೊಂಡು ಒದ್ದೆಯಾದ ಸೀಟಿನಲ್ಲಿ ಕೂತವರು ಅವರು. ನೀವು ಅವರನ್ನೇ ತಮಾಷೆ ಮಾಡಿ ಊರಿಗೆಲ್ಲ ತೋರಿಸಿದಿರಿ. ನಾನು ದಿನಾ ಬಸ್ಸಿನಲ್ಲಿ ಓಡಾಡುವವಳು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸಿನಲ್ಲಿ ಹೆಂಗಸರು ಜಾಸ್ತಿ, ಸೀಟಿಗೆ ಜಗಳ ಆದರೆ ಎದುರಿಗೆ ನಾಲ್ಕು ಫೋನು ಎದ್ದು ನಿಲ್ಲುತ್ತವೆ. ಜಗಳ ಬಿಡಿಸುವ ಕೈ ಒಂದೂ ಇಲ್ಲ. ಒಮ್ಮೆ ಅಂಥ ವಿಡಿಯೋದ ಮೂಲೆಯಲ್ಲಿ ನಾನೂ ಇದ್ದೆ, ಬಾಯಿ ಬಿಟ್ಟು ನಿದ್ದೆ ಹೊಡೆಯುತ್ತಾ. ಕಾಲೇಜಿನ ಹುಡುಗರು ಇವತ್ತಿಗೂ ಅದನ್ನು ಮರೆತಿಲ್ಲ.

ವೇಬಿಲ್:
ಅಕ್ಕ, ನಿಜ ಹೇಳುತ್ತೇನೆ. ಮೆಮೊ ಬಂದಾಗಿನಿಂದ ನನ್ನ ಕೆಲಸ, ನನ್ನ ಸಂಬಳ ಅಂತಲೇ ಯೋಚನೆ. ಅಜ್ಜಿಯ ಮುಖ ಸ್ಪಷ್ಟವಾಗಿ ಕಾಣುತ್ತದೆ ಅನ್ನುವುದು ನಿಮ್ಮ ಮಾತು ಓದಿದ ಮೇಲೆ ತಲೆಗೆ ಬಂತು.

ಲೋಕೋ ಪೈಲಟ್ ಮಗಳು:
ಇಲ್ಲಿ ಒಂದು ವಿಷಯ ಸೇರಿಸಬೇಕು ಅನ್ನಿಸಿತು. 2013ರ ಜುಲೈ 24ರಂದು ಸ್ಪೇನ್‌ನ ಸಾಂತಿಯಾಗೊ ಹತ್ತಿರ ಒಂದು ರೈಲು ತಿರುವಿನಲ್ಲಿ ಹಳಿ ತಪ್ಪಿತು. ಅಲ್ಲಿ ಮಿತಿ ಗಂಟೆಗೆ 80 ಕಿಲೋಮೀಟರ್, ರೈಲು ಬಂದದ್ದು 179ರಲ್ಲಿ. ಸುಮಾರು 80 ಜನ ಸತ್ತರು. ಆ ಚಾಲಕ ಒಂದು ವರ್ಷ ಹಿಂದೆ ಫೇಸ್‌ಬುಕ್‌ನಲ್ಲಿ ಸ್ಪೀಡೋಮೀಟರ್ ಮುಳ್ಳು 200 ತೋರಿಸುವ ಫೋಟೋ ಹಾಕಿದ್ದ. ಆ ಫೋಟೋಗೂ ಅಪಘಾತಕ್ಕೂ ಸಂಬಂಧ ಇರಲಿಲ್ಲ. ಅಪಘಾತದ ಹೊತ್ತಿನಲ್ಲಿ ಅವನು ರೈಲಿನ ಇನ್ನೊಬ್ಬ ನೌಕರನ ಜೊತೆ ಕೆಲಸದ ಫೋನಿನಲ್ಲಿ ಮಾತಾಡುತ್ತಿದ್ದ, ಎಲ್ಲಿದ್ದೇನೆ ಅನ್ನುವ ಅಂದಾಜು ತಪ್ಪಿತು. ಆದರೆ ಮರುದಿನ ಪತ್ರಿಕೆಗಳಲ್ಲಿ ಎದ್ದು ಕಂಡದ್ದು ಆ ಹಳೇ ಫೋಟೋ. ಲೋಕಕ್ಕೆ ಅವನು ವೇಗದ ಹುಚ್ಚ ಅಂತ ಅದೇ ದಿನ ತೀರ್ಮಾನವಾಗಿ ಹೋಯಿತು. ಕೋರ್ಟು 2024ರಲ್ಲಿ ತೀರ್ಪು ಕೊಟ್ಟಾಗ ಚಾಲಕನ ಜೊತೆಗೆ ಹಳಿಯ ಸಂಸ್ಥೆಯ ಸುರಕ್ಷತಾ ವಿಭಾಗದ ಮುಖ್ಯಸ್ಥನಾಗಿದ್ದವನಿಗೂ ಎರಡೂವರೆ ವರ್ಷ ಶಿಕ್ಷೆ ಆಯಿತು. ಆ ತಿರುವಿಗೆ ಬೇಕಾದ ಕಾವಲು ವ್ಯವಸ್ಥೆ ಇರಲಿಲ್ಲ ಅಂತ. ಅಷ್ಟು ಹೊತ್ತಿಗೆ ಅದನ್ನು ಓದುವವರು ಯಾರಿದ್ದರು?

ನಮ್ಮ ಅಪ್ಪ ಈ ಕಥೆ ಗೊತ್ತಾದ ದಿನ ತನ್ನ ಪ್ರೊಫೈಲ್‌ನಿಂದ ಕ್ಯಾಬಿನ್ ಫೋಟೋ ತೆಗೆದು ಆಂಜನೇಯನ ಫೋಟೋ ಹಾಕಿದರು. ಡ್ಯೂಟಿಗೆ ಹಾಜರಾಗುವ ಲಾಬಿಯಲ್ಲಿ, ಕುಡಿದಿಲ್ಲ ಅಂತ ತೋರಿಸಲು ಯಂತ್ರಕ್ಕೆ ಬಾಯಿ ಊದಿ ಸೈನ್ ಆನ್ ಆದರೆ ಸ್ವಂತ ಫೋನ್ ಆಫ್. ಅಜ್ಜ ತೀರಿಕೊಂಡ ಸುದ್ದಿಯೂ ಅವರಿಗೆ ಗಾಡಿ ಇಳಿದ ಮೇಲೇ ಗೊತ್ತಾದದ್ದು.

ಚಳ್ಳಕೆರೆ ಗೇಟ್:
ಕಂಡಕ್ಟರ್ ಕೈಯಲ್ಲಿ ಸ್ಟೇರಿಂಗ್ ಇರಲಿಲ್ಲವಲ್ಲ ಮೇಡಂ.

ಲೋಕೋ ಪೈಲಟ್ ಮಗಳು:
ಇರಲಿಲ್ಲ, ಒಪ್ಪುತ್ತೇನೆ. ಡ್ರೈವರ್ ಆಗಿದ್ದರೆ ವಿಷಯ ಡಿಪೋದಲ್ಲಿ ಮುಗಿಯುತ್ತಿರಲಿಲ್ಲ. ಕೈಯಲ್ಲಿ ಫೋನ್ ಹಿಡಿದು ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಬರುತ್ತದೆ, 2019ರ ತಿದ್ದುಪಡಿಯಲ್ಲಿ ಅದನ್ನು ಅಪಾಯಕಾರಿ ಚಾಲನೆಗೇ ಸೇರಿಸಿದ್ದಾರೆ. ಅಮೆರಿಕದ ಚಾಟ್ಸ್‌ವರ್ತ್‌ನಲ್ಲಿ 2008ರ ಸೆಪ್ಟೆಂಬರ್ 12ರಂದು ಚಾಲಕ ಮೆಸೇಜ್ ಮಾಡುತ್ತಾ ಕೆಂಪು ಸಿಗ್ನಲ್ ದಾಟಿ ಎದುರಿನ ಗೂಡ್ಸ್‌ಗೆ ಗುದ್ದಿದ. ಅವನೂ ಸೇರಿ 25 ಜನ ಹೋದರು. ಡ್ಯೂಟಿಯಲ್ಲಿ ಫೋನ್ ಅಂದರೆ ಅಧಿಕಾರಿಗಳು ಮುಖ ಕೆಡಿಸುವುದಕ್ಕೆ ಇವೇ ಕಾರಣ. ವೇಬಿಲ್ ಅವರ ಮೇಲಿನ ಮೊದಲ ಆರೋಪ ಅಲ್ಲಿಂದ ಬಂದದ್ದು.

ಏಳುಸುತ್ತಿನ ಕೋಟೆ, ಚಿತ್ರದುರ್ಗ:
ವೇಬಿಲ್ ಅಣ್ಣ, ಒಂದೇ ಪ್ರಶ್ನೆ. ಟಾಪ್ ರಿಪೇರಿ ಆಯಿತಾ?

ವೇಬಿಲ್:
ಆಯಿತು. ವಿಡಿಯೋ ಓಡಾಡಿದ ಮರುದಿನವೇ ಶೀಟ್ ಬಡಿದು, ಸಂದಿಗೆ ಮೇಣ ತುಂಬಿ ಕಳಿಸಿದ್ದಾರೆ.

ಏಳುಸುತ್ತಿನ ಕೋಟೆ:
ನೋಡಿ ಮತ್ತೆ! ಮೂರು ಸಲ ಬರೆದರೆ ಆಗಲಿಲ್ಲ, 30 ಸೆಕೆಂಡಿಗೆ ಆಯಿತು. ಇನ್ನು ನೀವೆಲ್ಲ ಸೇರಿ ಈ ಮನುಷ್ಯನಿಗೆ ತಪ್ಪೊಪ್ಪಿಗೆ ಬರೆಸುತ್ತಿದ್ದೀರಿ.

ಹಳೇ ಫೈಲು:
ಕೋಟೆಯವರೇ, ನೀವು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾಚಿಕೆಯ ವಿಷಯವೇ. ಅದೇ ವಿಡಿಯೋವನ್ನು ಪ್ರಯಾಣಿಕರು ಹಾಕಿದ್ದರೆ ಅದು ದೂರು. ನೌಕರ ಹಾಕಿದರೆ ನಡತೆ. ಮಳೆ ಒಂದೇ, ತೂತು ಒಂದೇ, ಫೈಲು ಮಾತ್ರ ಬೇರೆ.

ದಿನಾ ಹೋಗಿಬರೋಳು:
ಹಾಗಂತ ನಮ್ಮ ಹೆಗಲಿಗೆ ಹಾಕಬೇಡಿ. ನಾವು ಹಾಕಿದರೆ ಮರುದಿನದಿಂದ ಆ ಬಸ್ಸಿನಲ್ಲಿ ಚಿಲ್ಲರೆ ಸಿಗುವುದಿಲ್ಲ. ರೈಲಿನಲ್ಲಾದರೆ 139 ಇದೆ, ರೈಲ್‌ಮದದ್ ಇದೆ, ದೂರಿಗೆ ನಂಬರ್ ಬರುತ್ತದೆ. ಒಮ್ಮೆ ಬೋಗಿಯಲ್ಲಿ ನೀರಿಲ್ಲ ಅಂತ ಹಾಕಿದ್ದೆ, ಚಿಕ್ಕಜಾಜೂರು ಬರುವಷ್ಟರಲ್ಲಿ ಫೋನ್ ಬಂತು. ನೀರು ಬರಲಿಲ್ಲ, ಆ ಮಾತು ಬೇರೆ.

ಚಳ್ಳಕೆರೆ ಗೇಟ್:
ನನಗಿರುವ ಭಯ ಪೊಲೀಸ್ ಕೇಸಿನದು. ಆನ್‌ಲೈನ್ ಪೋಸ್ಟ್‌ಗೆ ಹಾಕುತ್ತಾರಲ್ಲ, ಆ 66ಎ ಸೆಕ್ಷನ್ ಹಾಕಿದರೆ ಒಳಗೇ ಅಲ್ವಾ? ನಾನೂ ಒಂದು ಚಾಲಕರ ಗ್ರೂಪ್‌ಗೆ ಅಡ್ಮಿನ್.

ಕಪ್ಪುಕೋಟು:
ಐಟಿ ಕಾಯ್ದೆಯ 66ಎ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಅದು ಜೀವಂತ ಇದ್ದಾಗ 2012ರಲ್ಲಿ ಏರ್ ಇಂಡಿಯಾದ ಇಬ್ಬರು ನೌಕರರನ್ನು ಮುಂಬೈ ಪೊಲೀಸರು ಫೇಸ್‌ಬುಕ್ ಪೋಸ್ಟ್‌ಗಳಿಗಾಗಿ ಬಂಧಿಸಿದ್ದರು, 12 ದಿನ ಒಳಗಿದ್ದರು. ಅದು ನಿಮ್ಮದೇ ಸಾರಿಗೆ ಕ್ಷೇತ್ರದ ಕಥೆ. ಈಗ ಆ ಸೆಕ್ಷನ್ ಇಲ್ಲ. ಅಡ್ಮಿನ್ ವಿಷಯಕ್ಕೆ ಬಂದರೆ, ಸದಸ್ಯರು ಹಾಕಿದ ಪೋಸ್ಟ್‌ಗೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆ ಮಾಡಲಾಗದು ಅಂತ ಬಾಂಬೆ ಮತ್ತು ಕೇರಳ ಹೈಕೋರ್ಟ್‌ಗಳು ಹೇಳಿವೆ. ನೀವೇ ಅದನ್ನು ಮುಂದಕ್ಕೆ ಕಳಿಸಿದರೆ ಅದು ಬೇರೆ ಮಾತು.

ನೌಕರಿಗೆ ಸೇರಿದ ಮಾತ್ರಕ್ಕೆ ಮಾತಾಡುವ ಹಕ್ಕು ಹೋಗುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1962ರಲ್ಲೇ ಬಿಹಾರದ ಕಾಮೇಶ್ವರ್ ಪ್ರಸಾದ್ ಪ್ರಕರಣದಲ್ಲಿ ಹೇಳಿದೆ. 2020ರ ಜನವರಿಯಲ್ಲಿ ತ್ರಿಪುರಾ ಹೈಕೋರ್ಟ್, ನಿವೃತ್ತಿಗೆ ಕೆಲವೇ ದಿನ ಇದ್ದಾಗ ಅಮಾನತಾದ ಒಬ್ಬ ನೌಕರರ ಮೇಲಿನ ವಿಚಾರಣೆಯನ್ನು ರದ್ದು ಮಾಡಿತು, ಅದರಲ್ಲೂ ಫೇಸ್‌ಬುಕ್ ಪೋಸ್ಟ್ ಇತ್ತು. ಆದರೆ ಎಲ್ಲ ತೀರ್ಪಿನಲ್ಲೂ ಬಾಲ ಒಂದಿರುತ್ತದೆ, ನಡತೆ ನಿಯಮದ ಮಿತಿಯೊಳಗೆ ಅಂತ. ಅದನ್ನು ಓದದೆ ತಲೆಯನ್ನಷ್ಟೇ ಹಿಡಿದು ಡಿಪೋಗೆ ಹೋಗಬೇಡಿ. ಇನ್ನೊಂದು. ವಿಡಿಯೋಗೆ ಎಲೆಕ್ಟ್ರಾನಿಕ್ ಸಾಕ್ಷಿಯ ಜೊತೆ ಕೊಡಬೇಕಾದ ಸರ್ಟಿಫಿಕೇಟ್ ಇಲ್ಲ, ಹಾಗಾಗಿ ಸಾಕ್ಷಿ ಆಗಲ್ಲ ಅಂತ ವಾದ ಮಾಡುವವರು ಸಿಗುತ್ತಾರೆ. ಕೋರ್ಟಿನಲ್ಲಿ ಅದು ಸರಿ. ಇಲಾಖಾ ವಿಚಾರಣೆಗೆ ಸಾಕ್ಷ್ಯ ಕಾನೂನು ಅಷ್ಟು ಬಿಗಿಯಾಗಿ ಅನ್ವಯಿಸುವುದಿಲ್ಲ.

ಪ್ಲಾಟ್‌ಫಾರಂ ಹುಡುಗ, ಹರಿಹರ:
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನಗೆ ರೈಲ್ವೆ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಟ್ರೈನಿಂಗ್. ನನ್ನದು ರೈಲುಗಳ ಯೂಟ್ಯೂಬ್ ಚಾನಲ್ ಇದೆ. 2023ರ ಜೂನ್ 27ಕ್ಕೆ ಧಾರವಾಡದ ವಂದೇ ಭಾರತ್ ಮೊದಲ ಸಲ ದಾವಣಗೆರೆಗೆ ಬಂದಾಗ ತೆಗೆದ ವಿಡಿಯೋ ಚೆನ್ನಾಗಿ ಓಡಿತು, ಸ್ವಲ್ಪ ದುಡ್ಡೂ ಬರುತ್ತಿದೆ. ಚಾನಲ್ ಮುಚ್ಚಬೇಕಾ?

ಕೀಮ್ಯಾನ್:
ಅಭಿನಂದನೆ ತಮ್ಮ. ನಡತೆ ನಿಯಮದಲ್ಲಿ ಖಾಸಗಿ ವ್ಯಾಪಾರ, ಬೇರೆ ನೌಕರಿ ಅಂತ 15ನೇ ನಿಯಮ ಇದೆ. ಯಾವಾಗಲೋ ಒಮ್ಮೆ ಮಾಡುವ ಸಾಹಿತ್ಯ, ಕಲೆ, ವಿಜ್ಞಾನದ ಕೆಲಸಕ್ಕೆ ಅಡ್ಡಿ ಇಲ್ಲ ಅನ್ನುತ್ತದೆ. ತಿಂಗಳು ತಿಂಗಳು ದುಡ್ಡು ಬರುವ ಚಾನಲ್ ಅದರೊಳಗೆ ಸೇರುತ್ತದೆ ಅಂತ ನೀನೇ ತೀರ್ಮಾನ ಮಾಡಿಕೊಳ್ಳಬೇಡ. ಸೇರುವ ದಿನವೇ ಬರೆದು ಕೇಳು, ಉತ್ತರ ಬರುವ ತನಕ ದುಡ್ಡಿನ ಬಟನ್ ಆಫ್ ಮಾಡಿಡು. ಯೂನಿಫಾರಂ, ಯಾರ್ಡ್, ಪ್ಯಾನೆಲ್ ರೂಮ್, ಕ್ಯಾಬಿನ್ ಇವು ನಾಲ್ಕು ವಿಡಿಯೋದಲ್ಲಿ ಕಾಣಬಾರದು. ನೀನು ಇಲ್ಲಿಯವರೆಗೆ ಪ್ಲಾಟ್‌ಫಾರಂನಲ್ಲಿ ನಿಂತು ನೋಡಿದವನು, ಇನ್ನು ಮೇಲೆ ಒಳಗಿನವನು. ಅದೇ ವಿಡಿಯೋಗೆ ತೂಕ ಬೇರೆ ಆಗುತ್ತದೆ.

ಹಳೇ ಫೈಲು:
ವೇಬಿಲ್ ಅವರೇ, ಈಗ ಪೆನ್ನು ಹಿಡಿಯಿರಿ. ಮೆಮೊದ ಸಂಖ್ಯೆ, ದಿನಾಂಕ ಮೇಲೆ ಬರೆಯಿರಿ. ನಂತರ ನಡೆದದ್ದನ್ನು ನಡೆದ ಹಾಗೆ. ಇಂಥ ದಿನ, ಇಂಥ ಷೆಡ್ಯೂಲ್, ಇಷ್ಟು ಗಂಟೆಗೆ ಮಳೆ, ವಿಡಿಯೋ ನಾನೇ ಮಾಡಿದ್ದು. ಆಗ ಟಿಕೆಟ್ ಕೊಡುವುದು ಮುಗಿದಿತ್ತು ಅಂದರೆ ಅದನ್ನು ಬರೆಯಿರಿ, ಟಿಕೆಟ್ ಕೊಡುವ ಇಟಿಎಂ ಯಂತ್ರದಲ್ಲಿ ಕೊನೆಯ ಟಿಕೆಟ್ಟಿನ ಸಮಯ ಇರುತ್ತದೆ, ಅದು ನಿಮ್ಮ ಪರ ಸಾಕ್ಷಿ. ಮುಗಿದಿರಲಿಲ್ಲ ಅಂದರೆ ಬರೆಯಬೇಡಿ, ಆ ಯಂತ್ರ ನಿಮ್ಮ ವಿರುದ್ಧವೂ ಸಾಕ್ಷಿ ಹೇಳುತ್ತದೆ.

ಲಾಗ್ ಶೀಟ್‌ನ ಮೂರು ದಿನಾಂಕ ಹಾಕಿ. ಆ ಹಾಳೆಗಳ ನಕಲು ಕೊಡಿ, ಅದನ್ನು ನೋಡಿ ಹೆಚ್ಚಿನ ಸಮಜಾಯಿಷಿ ಕೊಡಲು ಸಮಯ ಬೇಕು ಅಂತ ಅದೇ ಉತ್ತರದಲ್ಲಿ ಕೇಳಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಬಹುದು, ಆದರೆ ಅವರಿಗೆ 30 ದಿನ ಇದೆ, ನಿಮಗೆ ಉಳಿದಿರುವುದು ನಾಲ್ಕು. ಹಾಗಾಗಿ ಎರಡೂ ಮಾಡಿ. ಲಾಗ್ ಶೀಟನ್ನು ಫೋನಿನಲ್ಲಿ ಫೋಟೋ ಹೊಡೆದು ಯಾವುದಾದರೂ ಗ್ರೂಪ್‌ಗೆ ಹಾಕೀರಿ ಮತ್ತೆ! ಅದು ಕಚೇರಿಯ ದಾಖಲೆ, ಹೊಸ ಮೆಮೊ ಬರುತ್ತದೆ.

ಸ್ನಾನದ ಮಾತಿಗೆ ವಾದ ಬೇಡ. ಆಡಬಾರದಿತ್ತು, ವಿಷಾದ ಇದೆ ಅಂತ ಒಂದು ಸಾಲು. ಅಜ್ಜಿಯ ಮುಖ ಬಂದದ್ದಕ್ಕೆ ಇನ್ನೊಂದು ಸಾಲು, ಅದನ್ನು ಅವರು ಕೇಳದೇ ಇದ್ದರೂ ಬರೆಯಿರಿ. ಟಾಪ್ ಸೋರಿದ್ದಕ್ಕೆ ಮಾತ್ರ ವಿಷಾದ ಬರೆಯಬೇಡಿ, ಅದು ನಿಮ್ಮದಲ್ಲ. ಕೊನೆಗೆ ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.

ಮಂಡಕ್ಕಿ ಮಿರ್ಚಿ:
ಇಷ್ಟು ಚೆನ್ನಾಗಿ ನಮ್ಮ ಮನೆಯ ಖಾತೆ ಅರ್ಜಿಗೂ ಯಾರೂ ಹೇಳಿಕೊಡಲಿಲ್ಲ. ನಾನು ಮೊದಲು ಹೇಳಿದ ಗಟ್ಟಿಯಾಗಿ ನಿಲ್ಲಿ ಅನ್ನುವುದನ್ನು ವಾಪಸ್ ತಗೊಳ್ಳುವುದಿಲ್ಲ, ಆದರೆ ಸೀಲ್ ಹಾಕಿಸಿಕೊಂಡು ನಿಲ್ಲಿ.

ವೇಬಿಲ್, ಐದು ದಿನದ ನಂತರ:
ಕೊಟ್ಟೆ. ಟಪಾಲಿನವರು "ಇಟ್ಟು ಹೋಗಪ್ಪ, ಸೀಲ್ ಯಾಕೆ, ನಂಬಿಕೆ ಇಲ್ವಾ" ಅಂದರು. ನಗುತ್ತಲೇ ನಿಂತಿದ್ದೆ. ಅವರು ಚಹಾ ಕುಡಿದು ಬಂದರು, ನಾನು ಅಲ್ಲೇ ನಿಂತಿದ್ದೆ. ಹಾಕಿಕೊಟ್ಟರು. ಲಾಗ್ ಶೀಟ್ ನಕಲು ಇನ್ನೂ ಬಂದಿಲ್ಲ, ತೀರ್ಮಾನವೂ ಬಂದಿಲ್ಲ.

ನಿನ್ನೆ ಅದೇ ಷೆಡ್ಯೂಲ್‌ನಲ್ಲಿ ಆ ಅಜ್ಜಿ ಮತ್ತೆ ಹತ್ತಿದರು. ನಾನೇ ಹೋಗಿ ತಪ್ಪಾಯಿತು ಅಂದೆ. ಅವರು ನಕ್ಕು ಬಿಡುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ದುರ್ಗದಲ್ಲಿರೋ ಮಗಳ ಮನಿಗೆ ಮಗನಿಗೆ ಹೇಳದಂಗ ಹೋಗಿದ್ದೆ. ಅವನಿಗೂ ಅವಳಿಗೂ ಮಾತಿಲ್ಲ. ನಿನ್ನ ವಿಡಿಯೋ ಅವನ ಫೋನಿಗೆ ಬಂತು. ಎಂಟು ದಿನ ಮನ್ಯಾಗ ನನಗ ಅನ್ನ ಇಳೀಲಿಲ್ಲ" ಅಂದರು. ಟಿಕೆಟ್ ಹರಿಯಲು ಕೈ ಬರಲಿಲ್ಲ ನನಗೆ. ಇದನ್ನು ಉತ್ತರದಲ್ಲಿ ಬರೆಯುವ ಹಾಗಿಲ್ಲ, ಅದಕ್ಕೇ ಇಲ್ಲಿ ಬರೆದೆ.

ದಿನಾ ಹೋಗಿಬರೋಳು:
ಅವರು ಇನ್ನೊಮ್ಮೆ ಹತ್ತಿದರೆ ಮುಂದಿನ ಸೀಟು ಕೊಡಿಸಿ.

ಹಳೇ ಫೈಲು:
ಸೀಲ್ ಹಾಕಿದ ಪ್ರತಿಯನ್ನು ಎರಡು ಜೆರಾಕ್ಸ್ ಮಾಡಿಸಿ. ಒಂದು ಮನೆಯಲ್ಲಿ, ಒಂದು ಡ್ರೈವರ್ ಅಣ್ಣನ ಹತ್ತಿರ ಇರಲಿ. 15 ದಿನ ಕಳೆದರೂ ಲಾಗ್ ಶೀಟ್ ಬರದಿದ್ದರೆ ಒಂದು ನೆನಪೋಲೆ ಕೊಡಿ, ಅದಕ್ಕೂ ಸೀಲ್.